ಸಾಕವ್ವನ ಮೊಮ್ಮಕ್ಕಳು

ವಿಜಯಪುರ ಜಿಲ್ಲೆಯ ಸಿಂದಗಿ ಸೀಮೆಯ ಯಾವ ಹಳ್ಳಿಯ ಮತದಾರರ ಪಟ್ಟಿ ಹಿಡಿದು ಕುಳಿತರೂ ಎಪ್ಪತ್ತು ದಾಟಿದ ಹೆಣ್ಣುಮಕ್ಕಳ ನಡುವೆ ಒಬ್ಬ ಸಾಕವ್ವ ಸಿಕ್ಕೇ ಸಿಗುತ್ತಾಳೆ. ಮೂರನೆಯದೋ ನಾಲ್ಕನೆಯದೋ ಹೆಣ್ಣು ಹುಟ್ಟಿದ ಮನೆಯಲ್ಲಿ, ‘ಹೆಣ್ಣು ಇನ್ನು ಸಾಕು ತಂದೆ’ ಎಂದು ದೇವರಿಗೆ ಸಲ್ಲಿಸಿದ ಅರ್ಜಿ ಆ ಹೆಸರು. ಅರ್ಜಿಯ ಕಾಗದವಾಗಿ ಬದುಕಬೇಕಾದವಳು ಮಾತ್ರ ಆ ಕೂಸು. ಆದರೆ ಕನ್ನಡದಲ್ಲಿ ‘ಸಾಕು’ ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆಯಲ್ಲ. ಹೆತ್ತವರು ‘ಇನ್ನು ಬೇಡ’ ಎಂಬರ್ಥದಲ್ಲಿ ಇಟ್ಟ ಹೆಸರನ್ನು ನಾನು ಕಂಡ ಸಾಕವ್ವಂದಿರೆಲ್ಲ ‘ಸಲಹು’ ಎಂಬರ್ಥದಲ್ಲೇ ಬಾಳಿದರು. ತಮ್ಮಂದಿರನ್ನು, ಎಮ್ಮೆ ಆಕಳುಗಳನ್ನು, ತಾವು ಹಡೆದವನ್ನು, ಮಗಳು ಹಡೆದು ಬಿಟ್ಟುಹೋದವನ್ನು ಸಾಕಿದರು.

ಅದೇ ಪಟ್ಟಿಯಲ್ಲಿ ತಿಪ್ಪಣ್ಣ, ಗುಂಡಪ್ಪ, ಫಕೀರಪ್ಪ, ಹುಸೇನಪ್ಪ ಇರುತ್ತಾರೆ. ಮೊದಲೆರಡು ಕೂಸು ಉಳಿಯದ ಮನೆಯಲ್ಲಿ ಮೂರನೆಯದನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ಬರುತ್ತಿದ್ದರು. ಕಸವೆಂದು ತಿಳಿದು ಸಾವು ಮುಂದಿನ ಮನೆಗೆ ಹೋಗಲಿ ಎಂಬ ಉಪಾಯ. ಹುಸೇನಪ್ಪ ಹಿಂದೂ ಮನೆಯವನೇ. ಮೊಹರಂನ ಅಲಾಯಿ ದೇವರಿಗೆ ಹರಕೆ ಹೊತ್ತು ಪಡೆದವನು. ಹಳೆಯ ಹೆಣ್ಣುಮಕ್ಕಳನ್ನು ಮಕ್ಕಳೆಷ್ಟು ಎಂದು ಕೇಳಿ ನೋಡಿ, ಒಂದು ಸಂಖ್ಯೆ ಹೇಳುವುದಿಲ್ಲ, ಎರಡು ಹೇಳುತ್ತಾರೆ. ‘ಒಂಬತ್ತು ಹಡದೀನ್ರಿ, ಐದು ಉಳದಾವ.’ ಅದೇ ಓಣಿಯ ಇಪ್ಪತ್ತೈದರ ಸೊಸೆಯ ಉತ್ತರ ಬೇರೆ. ‘ಎರಡ್ರಿ. ಆಪರೇಷನ್ ಆಗೇತಿ.’

ಒಂಬತ್ತರಿಂದ ಎರಡಕ್ಕೆ ಇಳಿಯಲು ಹಿಡಿದದ್ದು ಎರಡೇ ತಲೆಮಾರು. ಆದರೆ ಆ ಒಂಬತ್ತು ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡಬೇಕು. ಅದು ಅಜ್ಞಾನದಿಂದ ಬಂದದ್ದೆಂದು ಇಂದಿನ ಸುಶಿಕ್ಷಿತರು ಸುಲಭವಾಗಿ ಹೇಳಿಬಿಡುತ್ತಾರೆ. ಅದು ಲೆಕ್ಕದಿಂದ ಬಂದದ್ದು.

‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಎಂದು ಹೊಳೆಯನ್ನು ನಂಬಿದ ಸೀಮೆ ಇದು. ಹರಿಯದಿದ್ದರೆ ಏನು ಎಂಬುದನ್ನು ಗಾದೆ ಹೇಳುವುದಿಲ್ಲ, ಜನಗಣತಿ ಹೇಳುತ್ತದೆ. 1872ರ ಎಣಿಕೆಯಲ್ಲಿ ಈ ಜಿಲ್ಲೆಯ ಜನಸಂಖ್ಯೆ 8 ಲಕ್ಷದ ಮೇಲಿತ್ತು. ಆಗ ಜಿಲ್ಲೆಯ ಹೆಸರು ಕಲಾದಗಿ. 1876ರಿಂದ 78ರವರೆಗೆ ಮಹಾಕ್ಷಾಮ ಬಂತು. 1881ರಲ್ಲಿ ಎಣಿಸಿದಾಗ ಉಳಿದವರು ಸುಮಾರು 6.4 ಲಕ್ಷ. ಐವರಲ್ಲಿ ಒಬ್ಬರು ಸತ್ತಿದ್ದರು, ಇಲ್ಲವೇ ಊರು ಬಿಟ್ಟಿದ್ದರು. ಆಗ ಮೂರು ಹಡೆದು ನಿಲ್ಲಿಸಿದ ಮನೆಗೆ ಮುಂದೆ ಕೂರಿಗೆ ಹಿಡಿಯುವವರು ಇರಲಿಲ್ಲ. ಸ್ವಾತಂತ್ರ್ಯ ಬಂದು ಎರಡು ದಶಕ ಕಳೆದ ಮೇಲೂ, 1970ರ ದಶಕದ ಆರಂಭದಲ್ಲಿ, ಕರ್ನಾಟಕದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ ಸುಮಾರು 95 ಮೊದಲ ಹುಟ್ಟುಹಬ್ಬ ಕಾಣುತ್ತಿರಲಿಲ್ಲ. 2020ರಲ್ಲಿ ಆ ಸಂಖ್ಯೆ 19. ತಿಪ್ಪಣ್ಣ ಎಂಬ ಹೆಸರು ಯಾಕೆ ನಿಂತುಹೋಯಿತು ಎಂದು ಕೇಳಿದವರಿಗೆ ಈ ಎರಡು ಅಂಕಿ ಸಾಕು.

ಹಡೆಯದವಳ ಪಾಡು ಬೇರೆ. ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಬೀಸುಕಲ್ಲಿನ ಪದಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ತಂದರು. ಜಾನಪದವೆಂದರೆ ಪದವಿ ಪಡೆಯುವ ವಿಷಯವಾಗುವ ಎಷ್ಟೋ ಮೊದಲಿನ ಮಾತು. ಆ ಪದಗಳಲ್ಲಿ ತೊಟ್ಟಿಲು, ತವರು, ಬಂಜೆಯ ಅಳಲು ಮತ್ತೆ ಮತ್ತೆ ಬರುತ್ತವೆ. ಅತ್ತೆಯ ಮನೆಯಲ್ಲಿ ಹೆಣ್ಣಿಗೆ ಕೂಡ್ರಲು ಜಾಗ ಸಿಗುತ್ತಿದ್ದದ್ದೇ ತೊಟ್ಟಿಲ ಬದಿಗೆ. ಬಸವನ ಬಾಗೇವಾಡಿಯ ಕಥೆಯನ್ನೇ ನೋಡಿ. ಗಂಡು ಮಗನಿಗಾಗಿ ಮಾದಲಾಂಬಿಕೆ ನಂದಿಗೆ ನಡೆದುಕೊಂಡಳಂತೆ, ಹುಟ್ಟಿದ ಮಗನಿಗೆ ಅದಕ್ಕೇ ಬಸವನೆಂಬ ಹೆಸರಂತೆ. ಆ ಮಗ ಬೆಳೆದು, ಅಕ್ಕ ನಾಗಮ್ಮನಿಗಿಲ್ಲದ ಜನಿವಾರ ತನಗೂ ಬೇಡ ಎಂದನೆಂಬ ಕಥೆಯನ್ನೂ ಇಲ್ಲಿಯ ಜನ ಅಷ್ಟೇ ಪ್ರೀತಿಯಿಂದ ಹೇಳುತ್ತಾರೆ. ಹೇಳಿ, ಮನೆಗೆ ಹೋಗಿ, ಮಗನಿಗಾಗಿ ಹರಕೆ ಹೊರುತ್ತಾರೆ.

ಗಂಡೇ ಹುಟ್ಟದಿದ್ದರೆ ಈ ಭಾಗದ ಕೆಲವು ದಲಿತ ಮನೆಗಳಲ್ಲಿ ಒಬ್ಬ ಮಗಳಿಗೆ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿ ತವರಲ್ಲೇ ಉಳಿಸಿಕೊಳ್ಳುತ್ತಿದ್ದರು. ಆಕೆ ಮಗನಂತೆ ಅಪ್ಪನ ಮನೆ ನಡೆಸಬೇಕು, ಆಕೆಯ ಮಕ್ಕಳಿಂದ ಮನೆತನ ಮುಂದುವರಿಯಬೇಕು. 1982ರ ಕಾಯ್ದೆ ಈ ದೇವದಾಸಿ ಪದ್ಧತಿಯನ್ನು ನಿಷೇಧಿಸಿತು. ಭಕ್ತಿ, ಬಡತನ, ಜಾತಿಯ ದಬ್ಬಾಳಿಕೆ ಎಲ್ಲ ಸೇರಿದ ಆ ಪದ್ಧತಿಯೊಳಗೆ ಗಂಡುಮಗನಿಲ್ಲದ ಮನೆಯ ಭಯವೂ ಇತ್ತು ಎಂಬುದನ್ನು ನಾವು ಮರೆಯುತ್ತೇವೆ.

ಇಂಥ ಲೆಕ್ಕ ನಮ್ಮದೊಂದೇ ಅಲ್ಲ. ಪೂರ್ವ ಆಫ್ರಿಕದ ಕೆನ್ಯಾದಲ್ಲಿ, ಕೆನ್ಯಾ ಬೆಟ್ಟದ ಸುತ್ತಿನ ಎತ್ತರದ ನೆಲದಲ್ಲಿ, ಕಿಕುಯು ಎಂಬ ಒಕ್ಕಲು ಜನರಿದ್ದಾರೆ. ಅವರಲ್ಲಿ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯ ಮಗನಿಗೆ ಅವ್ವನ ಅಪ್ಪನ ಹೆಸರು. ಮೊದಲ ಮಗಳಿಗೆ ಅಪ್ಪನ ಅವ್ವ, ಎರಡನೆಯವಳಿಗೆ ಅವ್ವನ ಅವ್ವ. ಹಿರಿಯರು ಹೆಸರಿನ ಮೂಲಕ ಮನೆಗೆ ಮರಳುತ್ತಾರೆಂಬ ನಂಬಿಕೆ. ಹಾಗಾಗಿ ಎರಡೂ ಕಡೆಯ ಋಣ ತೀರಬೇಕಾದರೆ ಕನಿಷ್ಠ ಇಬ್ಬರು ಗಂಡು, ಇಬ್ಬರು ಹೆಣ್ಣು ಹುಟ್ಟಲೇಬೇಕು. ದೇವರು ಅಷ್ಟು ಕಟ್ಟುನಿಟ್ಟಾಗಿ ಎಣಿಸಿ ಕೊಡುವುದಿಲ್ಲವಾದ್ದರಿಂದ ಆರೇಳು ಹುಟ್ಟುತ್ತಿದ್ದವು. 1977–78ರಲ್ಲಿ ಕೆನ್ಯಾದ ಒಬ್ಬ ಹೆಣ್ಣುಮಗಳಿಗೆ ಸರಾಸರಿ 8 ಮಕ್ಕಳು. ಲೋಕದಲ್ಲೇ ಅತಿ ಹೆಚ್ಚು ಎನ್ನುವಂಥ ಪ್ರಮಾಣ. 2022ರಲ್ಲಿ 3.4. ಮುತ್ಯಾನ ಹೆಸರು ಮೊಮ್ಮಗನಿಗೆ, ಆಯಿಯ ಹೆಸರು ಮೊಮ್ಮಗಳಿಗೆ ಇಡುವ ನಮಗೆ ಆ ಇಕ್ಕಟ್ಟು ವಿವರಿಸಿ ಹೇಳಬೇಕಿಲ್ಲ. ಇಬ್ಬರೇ ಮಕ್ಕಳಾದ ಮೇಲೆ ಯಾರ ಅಪ್ಪ, ಯಾರ ಅವ್ವ ಹೆಸರಿಲ್ಲದೆ ಉಳಿಯಬೇಕು? ನಮ್ಮಲ್ಲಿ ಅದಕ್ಕೊಂದು ಜಾಣ ದಾರಿ ಕಂಡುಕೊಂಡಿದ್ದೇವೆ. ತೊಟ್ಟಿಲಲ್ಲಿ ಆಯಿಯ ಹೆಸರು ಕರೆಯುವುದು, ಸಾಲಿಯಲ್ಲಿ ಟಿ.ವಿ. ಧಾರಾವಾಹಿಯ ಹೆಸರು ಬರೆಸುವುದು.

ಇನ್ನು ‘ಸಾಕು’ ಎಂಬ ಮಾತು ಸರ್ಕಾರದ ಬಾಯಿಗೆ ಬಂದ ಕಥೆ. ಹಳೆಯ ಮೈಸೂರಿನವರು ಹೆಮ್ಮೆಯಿಂದ ಹೇಳುವ ಸಂಗತಿಯೊಂದಿದೆ. 1930ರಲ್ಲೇ ಅಲ್ಲಿಯ ಸರ್ಕಾರ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಆದೇಶಿಸಿತು. ಸರ್ಕಾರವೇ ಮುಂದಾಗಿ ಮಾಡಿದ್ದು ಲೋಕದಲ್ಲಿ ಅದೇ ಮೊದಲು. ನಾವು ಆಗ ಮುಂಬೈ ಪ್ರಾಂತದಲ್ಲಿದ್ದೆವು. ಮುಂಬೈಯಲ್ಲಿ ರಘುನಾಥ ಧೋಂಡೊ ಕರ್ವೆ 1921ರಲ್ಲೇ ಇಂಥದೊಂದನ್ನು ತೆರೆದು, ಅದಕ್ಕಾಗಿ ಕಾಲೇಜಿನ ನೌಕರಿಯನ್ನೂ ಕಳೆದುಕೊಂಡಿದ್ದರು. ಎರಡರ ಸುದ್ದಿಯೂ ಭೀಮಾ ತೀರಕ್ಕೆ ತಲುಪಿದ್ದು ಅನುಮಾನ. ಇಲ್ಲಿಗೆ ಬಂದದ್ದು ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಅರವತ್ತರ ದಶಕದ ಕೊನೆಗೆ ಪಂಚಾಯಿತಿ ಕಟ್ಟೆಯ ಗೋಡೆ, ದವಾಖಾನೆಯ ಗೋಡೆ, ಬಸ್ಸಿನ ಬೆನ್ನು ಎಲ್ಲ ಕಡೆ ನಾಲ್ಕು ನಗುಮುಖ, ಕೆಳಗೆ ‘ಎರಡು ಅಥವಾ ಮೂರು ಸಾಕು’. ಮುಂದೆ ಮೂರೂ ಹೋಗಿ ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಬಂತು. ಬರೆದವರಿಗೆ ಪ್ರಾಸದ ಖುಷಿ. ಮಗಳ ಪಾಲಿಗೆ ಆರತಿ ತಟ್ಟೆ, ಮಗನ ಪಾಲಿಗೆ ಕೀರ್ತಿ ಎಂದು ಸರ್ಕಾರವೇ ಗೋಡೆಯ ಮೇಲೆ ಹಂಚಿಕೊಟ್ಟಿದ್ದು ಆಗ ಯಾರ ಕಣ್ಣಿಗೂ ಚುಚ್ಚಲಿಲ್ಲ.

ಆಗ ಸಂತಾನಹರಣ ಶಸ್ತ್ರಚಿಕಿತ್ಸೆ ಹೆಚ್ಚಾಗಿ ಗಂಡಸರಿಗೆ. ತುರ್ತು ಪರಿಸ್ಥಿತಿಯ 1976ರ ಒಂದೇ ವರ್ಷದಲ್ಲಿ ದೇಶದಲ್ಲಿ 62 ಲಕ್ಷ ಗಂಡಸರಿಗೆ ಅದನ್ನು ಮಾಡಲಾಯಿತು. ಎಷ್ಟೋ ಕಡೆ ಹೆದರಿಸಿ, ಎಳೆದುಕೊಂಡು ಹೋಗಿ. ಮಾರನೆಯ ವರ್ಷದ ಚುನಾವಣೆಯಲ್ಲಿ ಅದರ ಉತ್ತರ ಸಿಕ್ಕಿತು. ಆಮೇಲೆ ಯಾವ ಸರ್ಕಾರವೂ ಗಂಡಸರ ಗೊಡವೆಗೆ ಹೋಗಲಿಲ್ಲ. ಎಂಬತ್ತರ ದಶಕದಲ್ಲಿ ಲ್ಯಾಪರೋಸ್ಕೋಪ್ ಬಂತು, ಶಿಬಿರಗಳು ಬಂದವು, ಸುಗ್ಗಿ ಮುಗಿದ ಮೇಲಿನ ಚಳಿಗಾಲ ‘ಆಪರೇಷನ್ ಸೀಜನ್’ ಆಯಿತು. ಸಾಲಾಗಿ ನೆಲದ ಮೇಲೆ ಕೌದಿ ಹಾಸಿ ಮಲಗಿದ ಹೆಣ್ಣುಮಕ್ಕಳು, ಹೊರಗೆ ಬೇವಿನ ಗಿಡದ ಕೆಳಗೆ ಹಾಲುಣ್ಣುವ ಕೂಸನ್ನು ತೂಗುತ್ತ ಕೂತ ಅತ್ತೆಯರು. ನಾನು ಸಣ್ಣವಳಿದ್ದಾಗ ಕಂಡ ಈ ನೋಟ ನನಗೆ ಬಹುಕಾಲ ಜಾತ್ರೆಯೆಂದೇ ಅನಿಸಿತ್ತು. 2014ರಲ್ಲಿ ಛತ್ತೀಸಗಢದ ಬಿಲಾಸಪುರದ ಶಿಬಿರದಲ್ಲಿ ಹೆಣ್ಣುಮಕ್ಕಳು ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟ್ ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಎಂದಿತು.

ಗಂಡಸರು ಯಾಕೆ ಮಾಡಿಸಿಕೊಳ್ಳುವುದಿಲ್ಲ ಎಂದು ಹಳ್ಳಿಯ ಕಟ್ಟೆಯಲ್ಲಿ ಕೇಳಿದರೆ ಉತ್ತರ ತಯಾರಿರುತ್ತದೆ. ‘ಗಂಡಸಾದವ ಭಾರ ಎತ್ತಾಂವರಿ. ಮೈಯಾಗ ಕಸುವು ಹೋದ್ರ ನೇಗಿಲಾ ಹೊಡ್ಯಾವರ ಯಾರು?’ ಹೀಗೆ ಹೇಳುವವನ ಹೆಂಡತಿ ಆಪರೇಷನ್ ಆದ ಮೂರನೆಯ ತಿಂಗಳಿಗೆ ತಲೆಯ ಮೇಲೆ ಎರಡು ಕೊಡ ಹೊತ್ತು ಎದುರಿಗೇ ಹಾದುಹೋಗುತ್ತಿರುತ್ತಾಳೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ಈ ಶಸ್ತ್ರಚಿಕಿತ್ಸೆ ಆಗಿದೆ. ಗಂಡಸರ ಸಾಲಿನಲ್ಲಿ ಬರೆದಿರುವುದು ಸೊನ್ನೆ. ಸೊನ್ನೆಯ ಮುಂದೆ ಒಂದು ಚುಕ್ಕಿ, ಚುಕ್ಕಿಯ ಮುಂದೆ ಮತ್ತೊಂದು ಸೊನ್ನೆ.

ಈಗ ಒಗಟಿನ ಭಾಗಕ್ಕೆ ಬರೋಣ. ಮಕ್ಕಳ ಸಂಖ್ಯೆ ಯಾಕೆ ಇಳಿಯುತ್ತದೆ ಎಂದು ಕೇಳಿದರೆ ಪುಸ್ತಕದ ಉತ್ತರ ಗೊತ್ತೇ ಇದೆ. ಹೆಣ್ಣು ಓದಬೇಕು, ತಡವಾಗಿ ಮದುವೆಯಾಗಬೇಕು, ನೌಕರಿ ಹಿಡಿಯಬೇಕು, ಆಗ ತಾನಾಗಿ ಇಳಿಯುತ್ತದೆ. ಸಿಂದಗಿ, ಇಂಡಿ, ಮುದ್ದೇಬಿಹಾಳದಲ್ಲಿ ಹಾಗಾಗಲಿಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಓದು ಬರಹ ಬಲ್ಲವರು ಅರ್ಧಕ್ಕಿಂತ ತುಸು ಹೆಚ್ಚು. ಬಾಲ್ಯವಿವಾಹದಲ್ಲಿ ರಾಜ್ಯದ ಮುಂಚೂಣಿಯ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಇದರ ಬಗ್ಗೆ ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿ 2011ರಲ್ಲಿ ವರದಿ ಕೊಟ್ಟಿತು, ಹಾಗೆ ಆದ ಮದುವೆಯೇ ಅಸಿಂಧು ಎಂದು ರಾಜ್ಯ ಕಾಯ್ದೆಯನ್ನೂ ತಿದ್ದಿತು. ಆದರೂ 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರ ಪ್ರಮಾಣ ಅದೇ ಆರೋಗ್ಯ ಸಮೀಕ್ಷೆಯ ಎರಡು ಸುತ್ತುಗಳ ನಡುವೆ, ಇಡೀ ರಾಜ್ಯದಲ್ಲಿ, ನೂರಕ್ಕೆ 21ರ ಆಸುಪಾಸಿನಿಂದ ಕದಲಲಿಲ್ಲ.

ಹಾಗಾದರೆ ಇಳಿದದ್ದು ಹೇಗೆ? ಹೆಣ್ಣಿನ ಬದುಕಿನ ಗಡಿಯಾರ ಬದಲಾಗದೆಯೇ ಇಳಿಯಿತು. ಹದಿನೇಳಕ್ಕೋ ಹದಿನೆಂಟಕ್ಕೋ ಮದುವೆ, ಹತ್ತೊಂಬತ್ತಕ್ಕೆ ಕುಬಸ, ತವರಲ್ಲಿ ಮೊದಲ ಬಾಣಂತನ, ಮೊದಲನೆಯದಕ್ಕೆ ನಡೆಯಲು ಬರುವಷ್ಟರಲ್ಲಿ ಎರಡನೆಯದು. ಇಪ್ಪತ್ತಮೂರೋ ಇಪ್ಪತ್ನಾಲ್ಕೋ ಎಂಬಾಗ ಆಪರೇಷನ್. ಅಜ್ಜಿಯೂ ಹದಿನಾರಕ್ಕೇ ಆರಂಭಿಸಿದ್ದಳು, ನಲವತ್ತರ ಹತ್ತಿರ ಮುಗಿಸಿದಳು. ಮೊಮ್ಮಗಳು ಆರಂಭದ ಗೆರೆಯನ್ನು ಸ್ವಲ್ಪವೇ ಸರಿಸಿ, ಮುಗಿಸುವ ಗೆರೆಯನ್ನು ಹದಿನೈದು ವರ್ಷ ಹಿಂದಕ್ಕೆ ಎಳೆದಳು. ನಡುವೆ ಗುಳಿಗೆ, ವಂಕಿ, ಚುಚ್ಚುಮದ್ದು ಇವುಗಳ ಬಳಕೆ ಕಡಿಮೆ. ಕೂಸಿನಿಂದ ಕೂಸಿಗೆ ಅಂತರ ಇಡುವ ಮಾತು ಆಶಾ ಕಾರ್ಯಕರ್ತೆಯ ಚೀಲದಲ್ಲಿ ಇರುತ್ತದೆ, ಮನೆಯೊಳಗೆ ಅದು ಬರುವುದು ಕಷ್ಟ. ಮದುವೆಯಾಗಿ ಆರು ತಿಂಗಳಿಗೆ ‘ಏನರ ವಿಶೇಷ ಐತೇನವಾ?’ ಎಂದು ಓಣಿಯೇ ಕೇಳುತ್ತಿರುವಾಗ ಗುಳಿಗೆ ನುಂಗುವ ಧೈರ್ಯ ಯಾವ ಸೊಸೆಗೆ ಬಂದೀತು?

ಹೀಗೆ ರಾಜ್ಯದ ಒಬ್ಬ ಹೆಣ್ಣುಮಗಳಿಗೆ ಸರಾಸರಿ ಮಕ್ಕಳ ಸಂಖ್ಯೆ 1992–93ರಲ್ಲಿ 2.85 ಇದ್ದದ್ದು 2019–21ಕ್ಕೆ 1.7 ಆಯಿತು. ಜನಸಂಖ್ಯೆ ಇದ್ದಷ್ಟೇ ಉಳಿಯಲು 2.1 ಬೇಕು. ಉತ್ತರದ ನಮ್ಮ ಜಿಲ್ಲೆಗಳು ಈ ಮೆಟ್ಟಿಲನ್ನು ದಕ್ಷಿಣದವರಿಗಿಂತ ತಡವಾಗಿ ಇಳಿದವು. 2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ ನೂರಕ್ಕೆ 15.6ರಷ್ಟು ಬೆಳೆದರೆ ವಿಜಯಪುರ ಜಿಲ್ಲೆಯದು 20ಕ್ಕಿಂತ ಹೆಚ್ಚು ಬೆಳೆದು 21.77 ಲಕ್ಷ ಮುಟ್ಟಿತ್ತು. ತಡವಾಗಿ ಇಳಿದರೂ ಇಳಿದದ್ದು ಅದೇ ಮೆಟ್ಟಿಲನ್ನು.

ಆಸ್ಟ್ರೇಲಿಯಾದ ಜಾನ್ ಕಾಲ್ಡ್‌ವೆಲ್ ಎಂಬ ಜನಸಂಖ್ಯಾ ತಜ್ಞ ಮೊದಲು ಆಫ್ರಿಕದಲ್ಲಿ ಕೆಲಸ ಮಾಡಿ, ಆಮೇಲೆ ಪಿ.ಎಚ್. ರೆಡ್ಡಿ ಮತ್ತು ಪ್ಯಾಟ್ ಕಾಲ್ಡ್‌ವೆಲ್ ಜೊತೆಗೂಡಿ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುವ ಕಾರಣವನ್ನೇ ಹುಡುಕುತ್ತ ಕೂತಿದ್ದ. ಅವರ ಪುಸ್ತಕ 1988ರಲ್ಲಿ ಬಂತು. ಅವನ ಹಳೆಯ ವಾದ ಸರಳ. ದುಡಿಮೆ ಮಕ್ಕಳಿಂದ ಹೆತ್ತವರ ಕಡೆಗೆ ಹರಿಯುವ ತನಕ ಮಕ್ಕಳು ಹೆಚ್ಚು ಬೇಕು. ಹೆತ್ತವರಿಂದ ಮಕ್ಕಳ ಕಡೆಗೆ ಹರಿಯತೊಡಗಿತೋ, ಕಡಿಮೆ ಸಾಕು. ಸಿಂದಗಿಯಲ್ಲಿ ಈ ನೀರು ಯಾವಾಗ ತಿರುಗಿತು ಎಂದು ನನ್ನನ್ನು ಕೇಳಿದರೆ, ಹಳದಿ ಬಣ್ಣದ ಸಾಲಿ ವ್ಯಾನು ಹಳ್ಳಿಯ ಅಗಸಿಗೆ ಬಂದು ಹಾರ್ನ್ ಹೊಡೆದ ದಿನ ಎನ್ನುತ್ತೇನೆ. ಅಲ್ಲಿಯ ತನಕ ಎಂಟು ವರ್ಷದ ಹುಡುಗ ಕುರಿ ಕಾಯುತ್ತಿದ್ದ, ಹುಡುಗಿ ತಮ್ಮನನ್ನು ಬಗಲಲ್ಲಿ ಹೊತ್ತು ಹತ್ತಿ ಬಿಡಿಸುತ್ತಿದ್ದಳು. ವ್ಯಾನು ಬಂದ ಮೇಲೆ ಫೀಜು, ಬೂಟು, ಟೈ, ಟ್ಯೂಷನ್. ಮಗನನ್ನು ನವೋದಯಕ್ಕೋ ವಿಜಯಪುರದ ಸೈನಿಕ ಶಾಲೆಗೋ ಕಳಿಸುವ ಆಸೆ, ಆ ಆಸೆಗೆ ಮತ್ತೊಂದು ಕೋಚಿಂಗು. ‘ನಾಕು ಮಂದಿಗೆ ಫೀಜು ತುಂಬೋದು ಆಗತೈತೇನ್ರಿ?’ ಎಂಬ ಪ್ರಶ್ನೆಯನ್ನು ನಾನು ಕೇಳದ ಊರಿಲ್ಲ. ಸಂತಾನ ನಿಯಂತ್ರಣದ ಬಗ್ಗೆ ಇದಕ್ಕಿಂತ ಪರಿಣಾಮಕಾರಿ ಘೋಷಣೆ ಯಾವ ಗೋಡೆಯ ಮೇಲೂ ಬರೆದಿರಲಿಲ್ಲ.

ಹೊಲದ ಮಾತೂ ಇದೆ. ಇಲ್ಲಿ ಹೊಲವನ್ನು ಕೂರಿಗಿಯಲ್ಲಿ ಹೇಳುತ್ತಾರೆ, ಒಂದು ಕೂರಿಗಿ ಎಂದರೆ ಸುಮಾರು ನಾಲ್ಕು ಎಕರೆ. ಮುತ್ಯಾನಿಗೆ ನಾಲ್ಕು ಕೂರಿಗಿ ಇದ್ದರೆ ನಾಲ್ಕು ಗಂಡುಮಕ್ಕಳಿಗೆ ಒಂದೊಂದು ಬಂತು. ಆ ಒಂದರಲ್ಲಿ ಮತ್ತೆ ನಾಲ್ವರು ಎಂದರೆ ತಲೆಗೊಂದು ಎಕರೆ. ಕರಿನೆಲ, ಮಳೆ ನಂಬಿದ ಜೋಳ ತೊಗರಿ, ಬದು ಹಾಕಿದರೆ ಎತ್ತು ತಿರುಗಲು ಜಾಗವಿಲ್ಲ. ಆಲಮಟ್ಟಿ, ನಾರಾಯಣಪುರದ ಕಾಲುವೆಯ ನೀರು ತಲುಪಿದ ಕಡೆ ಕಬ್ಬು, ಲಿಂಬೆ ಬಂದು ಎಕರೆಯ ಬೆಲೆ ಏರಿತು. ಬೆಲೆ ಏರಿದಷ್ಟೂ ಪಾಲುಗಾರರು ಕಡಿಮೆ ಇರಲಿ ಎಂಬ ಆಸೆಯೂ ಏರಿತು. ನೀರಿಲ್ಲದ ಕಡೆ ಗೋವಾ, ಪುಣೆ, ಮುಂಬೈಗೆ ಗುಳೆ. ಗುಳೆ ಹೋಗುವವಳ ಬಗಲಲ್ಲಿ ಒಂದು ಕೂಸು ಹಿಡಿಯುತ್ತದೆ, ಮೂರು ಹಿಡಿಯುವುದಿಲ್ಲ.

ಇದೆಲ್ಲದರಲ್ಲಿ ಹೆಣ್ಣಿನ ಮಾತು ಎಷ್ಟು? ಇದೆ, ಇಲ್ಲವೆನ್ನಲಾರೆ. ಐದನೆಯದನ್ನು ಹಡೆದ ಮೇಲೆ ಅತ್ತೆಗೆ ತಿಳಿಯದಂತೆ ತವರಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬರುತ್ತಿದ್ದ ಕಾಲ ಹೋಗಿ, ಈಗ ಅತ್ತೆಯೇ ಕರೆದುಕೊಂಡು ಹೋಗುತ್ತಾಳೆ. ಒಂಬತ್ತು ಹಡೆದವಳಿಗೆ ಆ ನೋವು ಗೊತ್ತು. ಸೊಸೆಯ ಪರವಾಗಿ ಮಗನೊಡನೆ ಜಗಳಾಡಿದ ಅತ್ತೆಯರನ್ನು ನಾನು ಕಂಡಿದ್ದೇನೆ. ಹೆರಿಗೆಯೂ ಮನೆಯಿಂದ ದವಾಖಾನೆಗೆ ಹೋಯಿತು. 2008ರ ನವೆಂಬರಿನಲ್ಲಿ 108 ವಾಹನ ಬಂತು. ತಾಯಿ ಕಾರ್ಡು, ಮಡಿಲು ಕಿಟ್ಟು, ಆಶಾ ಕಾರ್ಯಕರ್ತೆ ಎಲ್ಲ ಒಂದರ ಹಿಂದೊಂದು ಆ ಹೊತ್ತಿನವೇ. ಈಗ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲಿ. ಸೂಲಗಿತ್ತಿಗೆ ಹರಿವಾಣದಲ್ಲಿ ಅಕ್ಕಿ, ಕುಬಸ ಕೊಡುವ ಪದ್ಧತಿ ಉಳಿದಿದೆ, ಸೂಲು ಮಾತ್ರ ಆಕೆಯ ಕೈಯಲ್ಲಿಲ್ಲ.

ಆದರೆ ‘ಸಾಕು’ ಎನ್ನುವ ಗಳಿಗೆಯನ್ನು ಇವತ್ತಿಗೂ ನಿರ್ಧರಿಸುವುದು ಗಂಡು ಕೂಸು. ಎರಡೂ ಗಂಡಾದರೆ ಆವತ್ತೇ ಆಪರೇಷನ್. ಒಂದು ಗಂಡು ಒಂದು ಹೆಣ್ಣಾದರೂ ಆವತ್ತೇ. ಎರಡೂ ಹೆಣ್ಣಾದರೆ ‘ಮುಂದಿನ ವರ್ಷ ನೋಡೋಣ’. ಮೂರನೆಯದೂ ಹೆಣ್ಣಾದರೆ ಮನೆಯಲ್ಲಿ ಮಾತು ಕಡಿಮೆಯಾಗುತ್ತದೆ. 2006–07ರಲ್ಲಿ ಬಂದ ಭಾಗ್ಯಲಕ್ಷ್ಮಿ ಯೋಜನೆ ಬಡವರ ಮನೆಯ ಹೆಣ್ಣುಕೂಸಿನ ಹೆಸರಿಗೆ ಬಾಂಡ್ ಕೊಟ್ಟಿತು. ಅದಕ್ಕೂ ಹೆತ್ತವರು ಮಕ್ಕಳ ಮಿತಿ ಪಾಲಿಸಬೇಕೆಂಬ ಷರತ್ತಿತ್ತು. ಬಾಂಡಿನ ಕಾಗದ ಟ್ರಂಕಿನ ತಳದಲ್ಲಿ ಭದ್ರವಾಗಿರುತ್ತದೆ. 1994ರ ಜುಲೈನಿಂದ ಕರ್ನಾಟಕದ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಅಣ್ಣತಮ್ಮಂದಿರಷ್ಟೇ ಹಕ್ಕು ಬಂತು, ದೇಶಕ್ಕೆಲ್ಲ ಬರುವ ಹನ್ನೊಂದು ವರ್ಷ ಮೊದಲೇ. ಅದಾದ ಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಅಕ್ಕತಂಗಿಯರ ಸಹಿ ಹಾಕಿಸುವ ಕೆಲಸ ಹೆಚ್ಚಿತು. ಸಹಿ ಹಾಕಿದವಳಿಗೆ ಒಂದು ಇಳಕಲ್ ಸೀರೆ. ಮಗನೇ ಬೇಕು ಎಂಬುದರ ಹಿಂದೆ ಹೊಲವಿದೆ, ಹೊಲದ ಹಿಂದೆ ಮುಪ್ಪಿನಲ್ಲಿ ರೊಟ್ಟಿ ಹಾಕುವವರು ಯಾರೆಂಬ ಭಯವಿದೆ. ಅದನ್ನು ಮುಟ್ಟದೆ ಗೋಡೆಬರಹ ಬದಲಿಸಿದರೆ ಆಗುವುದು ಇಷ್ಟೇ.

ಬೇಗ ಮುಗಿಸುವುದಕ್ಕೂ ಬೆಲೆಯಿದೆ. ಇಪ್ಪತ್ತನಾಲ್ಕಕ್ಕೆ ಹೆರಿಗೆಯಿಂದ ಬಿಡುಗಡೆಯಾದವಳು ಓದಿಗೋ ನೌಕರಿಗೋ ಹೋಗುವುದಿಲ್ಲ, ಪೂರ್ತಿ ಕೂಲಿಗೆ ಹೋಗುತ್ತಾಳೆ. ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಮುಟ್ಟಿನ ದಿನಗಳೂ ನಷ್ಟದ ದಿನಗಳೇ. ಮಕ್ಕಳಾದ ಮೇಲೆ ಗರ್ಭಚೀಲದ ಕೆಲಸವೇನು, ತೆಗೆಸಿಬಿಡು ಎಂದು ಹೇಳುವವರು ಹುಟ್ಟಿಕೊಂಡರು. 2015ರ ಸುಮಾರಿಗೆ ಪಕ್ಕದ ಕಲಬುರಗಿ ಜಿಲ್ಲೆಯಲ್ಲಿ, ಹೆಚ್ಚಾಗಿ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದ ಸಂಗತಿ ಬಯಲಾಗಿ ತನಿಖೆಗಳು ನಡೆದವು. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬಿನ ಕೂಲಿಯವರ ಇದೇ ಕಥೆ ದೇಶಕ್ಕೆ ತಿಳಿಯಿತು. ‘ಸಾಕು’ ಎಂಬುದು ಎಲ್ಲಿಯ ತನಕ ಹೋಗಬಹುದು ಎಂಬುದಕ್ಕೆ ಇದು ಉದಾಹರಣೆ. ಇದರ ಬಗ್ಗೆ ಬೇರೆಯೇ ಲೇಖನ ಬೇಕು.

ಈಚೆಗೆ ಇನ್ನೊಂದು ದನಿ ಕೇಳುತ್ತಿದೆ: ನಮ್ಮವರು ಕಡಿಮೆಯಾಗುತ್ತಿದ್ದಾರೆ, ಹೆಚ್ಚು ಹಡೆಯಿರಿ. ಕಿಕುಯು ಸೀಮೆಯಲ್ಲೂ ಇದು ಹೊಸದಲ್ಲ. ಅಲ್ಲಿ ತಲೆಯೆಣಿಕೆಯೆಂದರೆ ಮತದೆಣಿಕೆ. 2024ರಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಹೆಚ್ಚು ಮಕ್ಕಳನ್ನು ಹೆರಲು ಕರೆಕೊಟ್ಟರು, ಕ್ಷೇತ್ರ ಮರುವಿಂಗಡಣೆಯ ಚಿಂತೆ ದಕ್ಷಿಣಕ್ಕೆಲ್ಲ ಇದೆ. ನಮ್ಮ ಕಟ್ಟೆಗಳಲ್ಲಿ ಇದು ಜಾತಿ, ಧರ್ಮದ ಮಾತಾಗಿ ಬರುತ್ತದೆ. ‘ಅವರು’ ಹಡೆಯುತ್ತಲೇ ಇದ್ದಾರೆ ಎನ್ನುವವರಿಗೆ ಒಂದು ಅಂಕಿ: ದೇಶದ ಮುಸ್ಲಿಂ ಹೆಣ್ಣುಮಕ್ಕಳ ಸರಾಸರಿ 1992–93ರಲ್ಲಿ 4.4, 2019–21ರಲ್ಲಿ 2.36. ಸಾಲಿ ವ್ಯಾನು ಎಲ್ಲರ ಓಣಿಗೂ ಬರುತ್ತದೆ. ಇಂಥ ಕರೆಗಳಿಗೆ ಸಿಂದಗಿಯ ಹೆಣ್ಣುಮಕ್ಕಳು ಕೊಡುವ ಉತ್ತರವನ್ನು ಇಲ್ಲಿ ಅಚ್ಚು ಹಾಕಲು ಬರುವುದಿಲ್ಲ. ‘ಭಾಷಣ ಮಾಡಾವ್ರು ಬಂದು ಬಾಣಂತನ ಮಾಡ್ತಾರೇನು?’ ಎಂಬುದು ಅದರಲ್ಲಿ ಸೌಮ್ಯವಾದದ್ದು.

ಯಾರೂ ಎಣಿಸದ ಇನ್ನೊಂದು ಕೊರತೆ ನನಗೆ ಹೊಳೆದದ್ದು ಕಳೆದ ಬೇಸಿಗೆಯಲ್ಲಿ, ಸಿಂದಗಿ ಹತ್ತಿರದ ಹಳ್ಳಿಯೊಂದರ ತೊಟ್ಟಿಲ ಕಾರ್ಯದಲ್ಲಿ. ಎರಡನೆಯ ಕೂಸು, ಎರಡನೆಯದೂ ಹೆಣ್ಣು. ನಮ್ಮಲ್ಲಿ ಹೆಸರಿಡುವ ಹಕ್ಕು ಸೋದರತ್ತಿಯದು. ಆಕೆ ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಬೇಕು, ಸುತ್ತ ನಿಂತ ಹೆಣ್ಣುಮಕ್ಕಳು ಆಕೆಯ ಬೆನ್ನಿಗೆ ಗುದ್ದಬೇಕು. ಎಲ್ಲ ಸಿದ್ಧವಾಗಿತ್ತು. ತೊಟ್ಟಿಲಿಗೆ ಸೀರೆ ಕಟ್ಟಿ ಆಗಿತ್ತು, ಗುಗ್ಗರಿ ಬೆಂದಿತ್ತು, ಕುಲಾಯಿ ಹಾಕಿಸಿಕೊಂಡು ಕೂಸು ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ಸೋದರತ್ತಿ ಮಾತ್ರ ಇರಲಿಲ್ಲ. ಕೂಸಿನ ಅಪ್ಪನಿಗೆ ಒಬ್ಬ ತಮ್ಮ, ಅಷ್ಟೇ. ‘ಎರಡೂ ಗಂಡಾದುವಂತ ಆವತ್ತ ಓಣಿಗೆಲ್ಲ ಸಕ್ಕರಿ ಹಂಚಿ, ಆಪರೇಷನ್ ಮಾಡಿಸ್ಕೊಂಡ್ನಿ’ ಎಂದಳು ಅಜ್ಜಿ. ಎರಡು ಗಂಡು ಹಡೆದು ನಿಲ್ಲಿಸಿದ ಮನೆಗಳಲ್ಲಿ ಮುಂದಿನ ತಲೆಮಾರಿಗೆ ಸೋದರತ್ತಿ ಇಲ್ಲ. ಎರಡು ಹೆಣ್ಣಿಗೆ ನಿಲ್ಲಿಸಿದ ಮನೆಯಿಂದ ಸೋದರಮಾವ ಬರುವುದಿಲ್ಲ. ಮಾವನ ಮಗ, ಅತ್ತಿಯ ಮಗಳು ಎಂದು ಬೀಗತನ ಬೆಳೆಸುತ್ತಿದ್ದ ಸೀಮೆಯಲ್ಲಿ ಒಳಸಂಬಂಧದ ಮದುವೆಗಳು ವೈದ್ಯರ ಬುದ್ಧಿವಾದಕ್ಕಿಂತ ಮೊದಲು ಲೆಕ್ಕದ ಕೊರತೆಯಿಂದಲೇ ನಿಲ್ಲುತ್ತವೋ ಏನೋ.

ಊರಿನ ಸಂಬಂಧ ಹಿಡಿದು ನಾನು ಕೂಸಿನ ಅಪ್ಪನಿಗೆ ಅಕ್ಕನಾಗಬೇಕಂತೆ. ಎಳೆದು ತಂದು ತೊಟ್ಟಿಲ ಮುಂದೆ ನಿಲ್ಲಿಸಿದರು. ಅಜ್ಜಿ ನನ್ನ ಕಿವಿಯಲ್ಲಿ ಹೇಳಿದಳು, ‘ಮದ್ಲ ನಮ್ಮ ಅತ್ತಿ ಹೆಸರ ಹೇಳು. ಸಾಕವ್ವ.’ ತೊಟ್ಟಿಲಿನ ಆಚೆ ಬದಿಗೆ ನಿಂತಿದ್ದ ಬಾಣಂತಿಗೆ ಅದು ಕೇಳಿಸಿತು. ಹಿರಿಯಳ ಹೆಸರೋ, ಹಳೆಯ ಅರ್ಜಿಯೋ ಎಂದು ಆಕೆಗೂ ತಿಳಿಯಲಿಲ್ಲವೆಂದು ಕಾಣುತ್ತದೆ. ನನ್ನ ಮುಖವನ್ನೇ ನೋಡುತ್ತ ತಲೆಯನ್ನು ಸಣ್ಣಗೆ ಅಡ್ಡಡ್ಡ ಆಡಿಸಿದಳು. ನಾನು ಬಾಗಿ, ಕುರ್ರ್ ಎಂದು, ಆಕೆ ಚೀಟಿಯಲ್ಲಿ ಬರೆದುಕೊಟ್ಟಿದ್ದ ಮೂರಕ್ಷರದ ಹೆಸರನ್ನಷ್ಟೇ ಹೇಳಿದೆ. ಬೆನ್ನಿಗೆ ಗುದ್ದುಗಳು ಬಿದ್ದವು. ಎಲ್ಲರಿಗಿಂತ ಜೋರಾಗಿ ಗುದ್ದಿದವಳು ಅಜ್ಜಿ.